ಹಳೆ ಇನ್ನೋವಾ, ಹೊಸ ಇನ್ನೋವಾ: ಜಗಳ ಯಾವುದರ ಬಗ್ಗೆ?

ನಮ್ಮ ಕಾಲೇಜಿನಲ್ಲಿ ಮಧ್ಯಾಹ್ನದ ಬಿಡುವಿಗೆ ಎರಡು ಪಕ್ಷಗಳಿವೆ. ಒಂದು ಕ್ರಿಸ್ಟಾ ಪಕ್ಷ, ಇನ್ನೊಂದು ಹೈಕ್ರಾಸ್ ಪಕ್ಷ. ಎರಡೂ ಇನ್ನೋವಾಗಳೇ, ಒಂದೇ ಕಾರ್ಖಾನೆಯಲ್ಲಿ ತಯಾರಾದವು. ಆದರೂ ಟಿಫಿನ್ ಡಬ್ಬಿ ತೆರೆಯುವ ಮೊದಲೇ ಜಗಳ ಶುರುವಾಗುತ್ತದೆ. "ಹೈಕ್ರಾಸ್ ಇನ್ನೋವಾನೇ ಅಲ್ಲ, ಎಸ್‌ಯುವಿ ವೇಷ ಹಾಕಿದ ವ್ಯಾನ್" ಎಂದು ಒಬ್ಬ. "ಕ್ರಿಸ್ಟಾ ಅಂದರೆ ಟ್ಯಾಕ್ಸಿ, ಸನ್‌ರೂಫ್ ಕೂಡ ಇಲ್ಲ" ಎಂದು ಇನ್ನೊಬ್ಬ. ತುಳು, ಬ್ಯಾರಿ, ಕೊಂಕಣಿ, ಉರ್ದು, ಕನ್ನಡ ಎಲ್ಲದರಲ್ಲೂ ಈ ಚರ್ಚೆ ನಡೆಯುತ್ತದೆ. ಇವರಲ್ಲಿ ಹೆಚ್ಚಿನವರಿಗೆ ಹದಿನೆಂಟು ತುಂಬಿಲ್ಲ, ಲೈಸೆನ್ಸ್ ಇಲ್ಲ. ನನಗೂ ಇಲ್ಲ.

ನಾನು ಈ ಲೇಖನ ಬರೆಯಲು ಕಾರಣ ಆ ಜಗಳ ಅಲ್ಲ, ನನ್ನ ಮಾಮೂ. ಮಾಮೂ ಕಾಪುವಿನಲ್ಲಿ ಹಳದಿ ಬೋರ್ಡಿನ ಇನ್ನೋವಾ ಓಡಿಸುತ್ತಾರೆ. ಅದು ಹಳೆಯ ಮಾದರಿ, ಮೀಟರ್ 4 ಲಕ್ಷ ಕಿ.ಮೀ. ದಾಟಿದೆ. ಗಲ್ಫಿನಿಂದ ಬರುವವರನ್ನು ಮಂಗಳೂರು ಏರ್‌ಪೋರ್ಟಿನಿಂದ ಕರೆತರುವುದು, ಮದುವೆ ಬಾಡಿಗೆ, ಮಣಿಪಾಲದ ಆಸ್ಪತ್ರೆಗೆ ಹೋಗುವವರು, ಆಗುಂಬೆ ಕಡೆ ಪ್ರವಾಸ, ಇದೇ ಅವರ ದುಡಿಮೆ. ಕಳೆದ ಮಳೆಗಾಲದಲ್ಲಿ ಗಾಡಿ ಎರಡು ಸಲ ದಾರಿಯಲ್ಲಿ ನಿಂತಿತು. ಒಂದು ಸಲ ಒಳಗೆ ಏರ್‌ಪೋರ್ಟಿಗೆ ಹೋಗುವವರಿದ್ದರು. ಬೇರೆ ಕಾರು ಕರೆಸಿ, ಅದರ ಬಾಡಿಗೆಯನ್ನು ಮಾಮೂ ತಮ್ಮ ಕೈಯಿಂದ ಕೊಟ್ಟರು. ಅಂದು ರಾತ್ರಿ ನಮ್ಮ ಮನೆಗೆ ಬಂದು ಹೇಳಿದರು: "ಬೇಟಾ, ನೀನು ಕಾಮರ್ಸ್ ಓದುತ್ತೀಯಲ್ಲ, ಯಾವ ಗಾಡಿ ತೆಗೆದುಕೊಳ್ಳಬೇಕು ಅಂತ ಲೆಕ್ಕ ಹಾಕಿ ಹೇಳು."

ಕಾಲೇಜಿನಲ್ಲಿ ಮಾತಾಡುವಷ್ಟು ಸುಲಭವಾಗಿ ಮಾಮೂಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಹಾಗಾಗಿ ಕುಳಿತು ಓದಿದೆ, ಡ್ರೈವರುಗಳ ಹತ್ತಿರ, ಮೆಕ್ಯಾನಿಕ್ ಹತ್ತಿರ ಕೇಳಿದೆ. ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಗಾಡಿಯ ವಂಶಾವಳಿ

ಇಡೀ ಕುಟುಂಬ ಕೂರುವ ವ್ಯಾನ್ ಹೊಸದೇನೂ ಅಲ್ಲ. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1983ರ ಕೊನೆಗೆ ತನ್ನ ಮಿನಿವ್ಯಾನ್‌ಗಳನ್ನು ತಂದಿತು. ಫ್ರಾನ್ಸಿನಲ್ಲಿ 1984ರಲ್ಲಿ ರೆನೋ ಎಸ್ಪಾಸ್ ಬಂತು. ಅದೇ 1984ರಲ್ಲಿ ನಮ್ಮಲ್ಲಿ ಮಾರುತಿ ವ್ಯಾನ್ ಬಂತು. ಮುಂದೆ ಅದಕ್ಕೆ ಓಮ್ನಿ ಎಂದು ಹೆಸರಾಯಿತು. ನಮ್ಮಲ್ಲಿ ಎಷ್ಟು ಜನ ಓಮ್ನಿಯಲ್ಲಿ ಒತ್ತಿಕೊಂಡು ಕೂತು ಪ್ರೈಮರಿ ಶಾಲೆಗೆ ಹೋಗಿದ್ದೇವೆ ಎಂದು ಲೆಕ್ಕ ಹಾಕಿದರೆ ಅರ್ಧ ಕಾಲೇಜು ಕೈ ಎತ್ತಬಹುದು. 796 ಸಿಸಿಯ ಚಿಕ್ಕ ಎಂಜಿನ್, ಮುಂದಿನ ಸೀಟಿನ ಅಡಿಯಲ್ಲೇ ಇತ್ತು. ಅಂದರೆ ಡ್ರೈವರ್ ಮುಂದೆ ಬಾನೆಟ್ ಎಂಬುದೇ ಇರಲಿಲ್ಲ. ಗುದ್ದಿದರೆ ಪೆಟ್ಟು ತಡೆಯಲು ಏನೂ ಇಲ್ಲ. ಹೊಸ ಸುರಕ್ಷತಾ ನಿಯಮಗಳಿಗೆ ಹೊಂದಿಸಲಾಗದೆ 2019ರಲ್ಲಿ ಅದರ ತಯಾರಿಕೆ ನಿಂತಿತು.

ಇನ್ನೋವಾದ ಅಣ್ಣ ಕ್ವಾಲಿಸ್. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆ. 2000ದ ಜನವರಿಯಲ್ಲಿ ಅಲ್ಲಿಂದ ಮಾರುಕಟ್ಟೆಗೆ ಬಂದ ಮೊದಲ ಗಾಡಿ ಕ್ವಾಲಿಸ್. ಇಂಡೋನೇಷ್ಯಾದಲ್ಲಿ 'ಕಿಜಾಂಗ್' ಎಂಬ ಹೆಸರಿನಲ್ಲಿ ಓಡುತ್ತಿದ್ದ ಗಾಡಿಯ ಮೇಲೆ ಇದನ್ನು ಮಾಡಿದ್ದರು. ನೋಡಲು ಪೆಟ್ಟಿಗೆ. ಆದರೆ ಬಾಡಿಗೆ ಓಡಿಸುವವರಿಗೆ ಅಚ್ಚುಮೆಚ್ಚು. ಅದು ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ ಕಂಪನಿ ಅದನ್ನು ನಿಲ್ಲಿಸಿ 2005ರ ಫೆಬ್ರವರಿಯಲ್ಲಿ ಇನ್ನೋವಾ ತಂದಿತು. ಮಾಮೂ ಹೇಳುವ ಪ್ರಕಾರ ಆಗಲೂ ಸ್ಟ್ಯಾಂಡಿನಲ್ಲಿ ಇದೇ ಜಗಳ ಇತ್ತಂತೆ. "ಕ್ವಾಲಿಸ್ ಗಟ್ಟಿ, ಇದು ಬರೀ ಶೋಕಿ" ಎಂದು ಹಿರಿಯ ಡ್ರೈವರುಗಳು ಹೇಳುತ್ತಿದ್ದರಂತೆ.

2016ರ ಮೇ ತಿಂಗಳಲ್ಲಿ ಇನ್ನೋವಾ ಕ್ರಿಸ್ಟಾ ಬಂತು. ಗಾತ್ರ, ಶಕ್ತಿ, ಬೆಲೆ ಮೂರೂ ಹೆಚ್ಚಾದವು. 2022ರ ನವೆಂಬರ್‌ನಲ್ಲಿ ಇನ್ನೋವಾ ಹೈಕ್ರಾಸ್ ಪರಿಚಯವಾಯಿತು. ಈ ಸಲ ಬದಲಾದದ್ದು ಮುಖ ಮಾತ್ರ ಅಲ್ಲ. ಚಾಸಿ, ಎಂಜಿನ್, ಓಡುವ ಚಕ್ರ, ಇಂಧನ ಎಲ್ಲವೂ ಬದಲಾದವು. ಡೀಸೆಲ್ ಕ್ರಿಸ್ಟಾ ಹೋಯಿತು ಎಂದು ಅಂದುಕೊಳ್ಳುವಷ್ಟರಲ್ಲಿ 2023ರ ಆರಂಭದಲ್ಲಿ ಕಂಪನಿ ಅದನ್ನು ಮತ್ತೆ ತಂದಿತು. ಹಳೆಯದೂ ಹೊಸದೂ ಒಟ್ಟಿಗೆ ಮಾರಾಟಕ್ಕೆ ನಿಂತದ್ದರಿಂದಲೇ ನಮ್ಮ ಕಾಲೇಜಿನ ಎರಡು ಪಕ್ಷಗಳು ಹುಟ್ಟಿದ್ದು.

ಮುಖದ ಬಗ್ಗೆ ಜಗಳ

ಮೊದಲ ಇನ್ನೋವಾದ ಮೂತಿ ಚಿಕ್ಕದು. ಬಾನೆಟ್ ಇಳಿಜಾರಾಗಿ ಗಾಜಿಗೆ ಸೇರುತ್ತಿತ್ತು. ನೋಡಿದ ಕೂಡಲೇ ಇದು ಜನ ಕೂರಿಸುವ ಗಾಡಿ ಎಂದು ಗೊತ್ತಾಗುತ್ತಿತ್ತು. ಕ್ರಿಸ್ಟಾದಲ್ಲಿ ದೊಡ್ಡ ಗ್ರಿಲ್ಲು, ಕ್ರೋಮ್ ಪಟ್ಟಿಗಳು ಬಂದವು. ಹೈಕ್ರಾಸ್‌ನಲ್ಲಿ ಬಾನೆಟ್ ಎತ್ತರವಾಯಿತು, ಗ್ರಿಲ್ಲು ಇನ್ನೂ ದೊಡ್ಡದಾಯಿತು, ಚಕ್ರದ ಸುತ್ತ ಕಪ್ಪು ಪ್ಲಾಸ್ಟಿಕ್ ಪಟ್ಟಿ ಬಂತು. ಎದುರಿನಿಂದ ನೋಡಿದರೆ ಎಸ್‌ಯುವಿ. ಪಕ್ಕದಿಂದ ನೋಡಿದರೆ ಉದ್ದದ ವ್ಯಾನ್. ವಿರೋಧಿಗಳ ದೂರು ಇದೇ: ಎದುರಿಗೊಂದು, ಪಕ್ಕಕ್ಕೊಂದು.

ಕಂಪನಿಗಳು ಹೀಗೇಕೆ ಮಾಡುತ್ತವೆ? ವ್ಯಾನ್ ಎಂದರೆ ಮಕ್ಕಳು ಮರಿಗಳ ಗಾಡಿ, ಅದರಲ್ಲಿ ಗತ್ತು ಇಲ್ಲ ಎಂಬ ಭಾವನೆ ಎಲ್ಲ ದೇಶಗಳಲ್ಲೂ ಇದೆ. ಅಮೆರಿಕದಲ್ಲಿ ಒಂದು ಕಾಲದಲ್ಲಿ ಮನೆಮನೆಯಲ್ಲಿ ಕಾಣುತ್ತಿದ್ದ ಮಿನಿವ್ಯಾನ್‌ಗಳ ಜಾಗವನ್ನು ಎಸ್‌ಯುವಿಗಳು ತೆಗೆದುಕೊಂಡವು. ಆದ್ದರಿಂದ ವ್ಯಾನ್ ತಯಾರಿಸುವವರು ಅದಕ್ಕೆ ಎಸ್‌ಯುವಿಯ ಮುಖ ಕೊಡತೊಡಗಿದರು. ಅಲ್ಲಿ ಮಾರಾಟವಾಗುವ ಟೊಯೋಟಾ ಸಿಯೆನ್ನಾವನ್ನು 2021ರ ಮಾದರಿಯಲ್ಲಿ ಪೂರ್ತಿ ಬದಲಿಸಿ ಹೈಬ್ರಿಡ್ ಮಾತ್ರ ಮಾಡಿದರು. ಕಿಯಾ ಕಾರ್ನಿವಲ್‌ನ ಹೊಸ ರೂಪ ಕೂಡ ಎದುರಿನಿಂದ ಎಸ್‌ಯುವಿಯೇ. ಇನ್ನೋವಾ ಅದೇ ದಾರಿ ಹಿಡಿದಿದೆ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿ ಇನ್ನೋವಾ ಎಂದರೆ ಟ್ಯಾಕ್ಸಿ, ಇಲ್ಲವೇ ಮಂತ್ರಿಗಳ ಕಾರು. ಇಪ್ಪತ್ತೈದು ಲಕ್ಷ ಕೊಟ್ಟು ಮನೆಗೆ ಕಾರು ತರುವವರಿಗೆ ಅದು ಬಾಡಿಗೆ ಗಾಡಿಯಂತೆ ಕಾಣಬಾರದು. ಅವರನ್ನು ಒಲಿಸಲು ಹೊಸ ಮುಖ ಬೇಕಾಯಿತು. ಮಾಮೂನಂಥವರಿಗೆ ಆ ಮುಖದಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅವರು ಹೇಳುವುದು ಇಷ್ಟೇ: "ಫೋನ್ ಮಾಡುವವರು ಇನ್ನೋವಾ ಇದೆಯಾ ಅಂತ ಕೇಳುತ್ತಾರೆ. ಗ್ರಿಲ್ಲು ಹೇಗಿದೆ ಅಂತ ಯಾರೂ ಕೇಳಿಲ್ಲ."

ಸ್ಲೈಡಿಂಗ್ ಬಾಗಿಲಿನ ಕಥೆಯೂ ಹೀಗೆಯೇ. ಓಮ್ನಿಗೆ ಅದು ಇತ್ತು, ಕಾರ್ನಿವಲ್‌ಗೆ ಇದೆ, ಇನ್ನೋವಾಗೆ ಯಾವತ್ತೂ ಇರಲಿಲ್ಲ. ಕಾರುಗಳು ಒತ್ತಾಗಿ ನಿಂತಿರುವ ಕಡೆ, ಮಂಡಿ ನೋವಿರುವ ಹಿರಿಯರನ್ನು ಇಳಿಸುವಾಗ, ಅದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಆದರೆ ನಮ್ಮ ಗೆಳೆಯರಲ್ಲಿ ಅದನ್ನು ಹೊಗಳಿದವನೊಬ್ಬನೂ ಇಲ್ಲ. ಸ್ಕೂಲ್ ವ್ಯಾನ್ ನೆನಪಾಗುತ್ತದಂತೆ. ಸಿನಿಮಾಗಳಲ್ಲಿ ಅಪಹರಣಕ್ಕೆ ಯಾವಾಗಲೂ ಓಮ್ನಿಯೇ ಬರುವುದು ಬೇರೆ.

ಹೆಸರಿಗೂ ತೆರಿಗೆಗೂ ಸಂಬಂಧ

"ಇದು ವ್ಯಾನೋ, ಎಸ್‌ಯುವಿಯೋ" ಎಂಬ ಪ್ರಶ್ನೆ ಕ್ಯಾಂಟೀನಿನದ್ದು ಮಾತ್ರ ಎಂದು ನಾನು ಅಂದುಕೊಂಡಿದ್ದೆ. ಅದು ಜಿಎಸ್‌ಟಿ ಮಂಡಳಿಯ ಪ್ರಶ್ನೆಯೂ ಆಗಿತ್ತು.

ಮೊದಲು ದೊಡ್ಡ ಕಾರುಗಳಿಗೆ ಶೇ. 28 ಜಿಎಸ್‌ಟಿ, ಅದರ ಮೇಲೆ ಪರಿಹಾರ ಸೆಸ್ ಇತ್ತು. 1500 ಸಿಸಿ ಮೀರಿದ ಕಾರಿಗೆ ಶೇ. 20 ಸೆಸ್, ಎಸ್‌ಯುವಿಗೆ ಶೇ. 22. ಹಾಗಾದರೆ ಎಸ್‌ಯುವಿ ಎಂದರೆ ಯಾವುದು? 2023ರ ಜುಲೈ 11ರಂದು ನಡೆದ 50ನೇ ಜಿಎಸ್‌ಟಿ ಮಂಡಳಿ ಸಭೆ ಇದನ್ನು ಸ್ಪಷ್ಟ ಮಾಡಿತು. ಗಾಡಿಯನ್ನು ಯಾವ ಹೆಸರಿನಿಂದ ಕರೆದರೂ ಸರಿ, ಉದ್ದ 4 ಮೀಟರ್ ಮೀರಿದ್ದು, ಎಂಜಿನ್ 1500 ಸಿಸಿ ಮೀರಿದ್ದು, ಖಾಲಿ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಅಥವಾ ಹೆಚ್ಚಿದ್ದರೆ ಶೇ. 22 ಸೆಸ್. ಅಂದರೆ ಸರ್ಕಾರ ಮುಖ ನೋಡಲಿಲ್ಲ, ಹೆಸರು ಕೇಳಲಿಲ್ಲ, ಟೇಪು ಹಿಡಿದು ಅಳೆಯಿತು.

ಹೈಬ್ರಿಡ್ ಗಾಡಿಗಳಿಗೆ ಮಾತ್ರ ಸೆಸ್ ಶೇ. 15 ಇತ್ತು. ಒಟ್ಟು ಶೇ. 43. ಹಾಗಾಗಿ ಶೇ. 50 ತೆರಿಗೆ ಬೀಳುವ ಗಾಡಿಗಿಂತ ಹೈಬ್ರಿಡ್‌ಗೆ ತೆರಿಗೆಯಲ್ಲಿ ಅನುಕೂಲವಿತ್ತು. 2025ರ ಸೆಪ್ಟೆಂಬರ್ 22ರಿಂದ ಈ ಸೆಸ್ ಹೋಗಿ ದೊಡ್ಡ ಕಾರುಗಳಿಗೆಲ್ಲ ಒಂದೇ ಶೇ. 40 ಆಯಿತು. ಎಲ್ಲರಿಗೂ ತೆರಿಗೆ ಇಳಿಯಿತು, ಆದರೆ ಹೈಬ್ರಿಡ್‌ಗೆ ಇದ್ದ ಅನುಕೂಲ ಹೋಯಿತು. "ಪರಿಸರಕ್ಕೆ ಒಳ್ಳೆಯದು, ಅದಕ್ಕೇ ತೆರಿಗೆ ಕಡಿಮೆ" ಎಂಬ ಹೈಕ್ರಾಸ್ ಪಕ್ಷದ ವಾದ ಈಗ ಜಿಎಸ್‌ಟಿ ಮಟ್ಟಿಗೆ ನಡೆಯುವುದಿಲ್ಲ.

ಅಡಿಯಲ್ಲಿ ಏನು ಬದಲಾಯಿತು?

ನಿಜವಾದ ಬದಲಾವಣೆ ಕಣ್ಣಿಗೆ ಕಾಣದ ಕಡೆ ಇದೆ. ಹಳೆ ಇನ್ನೋವಾ ಮತ್ತು ಕ್ರಿಸ್ಟಾ ಚಾಸಿ ಗಾಡಿಗಳು. ಲಾರಿಗೆ ಇರುವ ಹಾಗೆ ಅಡಿಯಲ್ಲಿ ಏಣಿಯ ಆಕಾರದ ಕಬ್ಬಿಣದ ಚೌಕಟ್ಟು, ಅದರ ಮೇಲೆ ಬಾಡಿ ಕೂರಿಸಿರುತ್ತಾರೆ. ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ. ಮಧ್ಯೆ ಉದ್ದದ ಪ್ರೊಪೆಲ್ಲರ್ ಶಾಫ್ಟ್. ಹೈಕ್ರಾಸ್‌ನಲ್ಲಿ ಚಾಸಿ ಮತ್ತು ಬಾಡಿ ಒಂದೇ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ಎಂಜಿನ್ ಅಡ್ಡವಾಗಿ ಕೂತಿದೆ, ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ.

ಇದರಿಂದ ಏನು ಉಪಯೋಗ? ಎರಡು ಅಳತೆ ನೋಡಿ. ಕ್ರಿಸ್ಟಾದ ಉದ್ದ 4735 ಮಿ.ಮೀ., ಹೈಕ್ರಾಸ್‌ನದು 4755. ಹೆಚ್ಚಿದ್ದು 20 ಮಿ.ಮೀ., ಅಂದರೆ ಎರಡು ಬೆರಳಿನಷ್ಟೂ ಇಲ್ಲ. ಆದರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಕ್ರಿಸ್ಟಾದಲ್ಲಿ 2750, ಹೈಕ್ರಾಸ್‌ನಲ್ಲಿ 2850. ಇಲ್ಲಿ 100 ಮಿ.ಮೀ. ಹೆಚ್ಚು. ಹೊರಗೆ ಗಾಡಿ ಬೆಳೆಯದೆ ಒಳಗೆ ಜಾಗ ಬೆಳೆದಿದೆ. ಶಾಫ್ಟ್ ಹೋದದ್ದರಿಂದ ನೆಲವನ್ನು ತಗ್ಗಿಸಲು ಸಾಧ್ಯವಾಯಿತು. ಜನರಿಗೆ ಕಾಲು ಚಾಚಲು ಸ್ಥಳ ಸಿಕ್ಕಿತು. ಮೊನೊಕಾಕ್ ಗಾಡಿಯ ತೂಕವೂ ಕಡಿಮೆ, ಕುಲುಕಾಟವೂ ಕಡಿಮೆ. ಅಪಘಾತವಾದರೆ ಮುಂದಿನ ಭಾಗ ನುಜ್ಜಾಗಿ ಪೆಟ್ಟನ್ನು ಹೀರಿಕೊಳ್ಳುವ ಹಾಗೆ ಅದನ್ನು ರೂಪಿಸುವುದು ಸುಲಭ. 2025ರಲ್ಲಿ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಹೈಕ್ರಾಸ್‌ಗೆ 5 ಸ್ಟಾರ್ ಸಿಕ್ಕಿತು.

ಹಾಗಾದರೆ ಕ್ರಿಸ್ಟಾ ಪಕ್ಷದವರು ಹೇಳುವುದರಲ್ಲಿ ಅರ್ಥವಿಲ್ಲವೇ? ಇದೆ. ಇದನ್ನು ತಿಳಿಯಲು ಆಗುಂಬೆ ಘಾಟಿ ನೆನಪು ಮಾಡಿಕೊಳ್ಳಿ. ಸೋಮೇಶ್ವರದಿಂದ ಮೇಲೆ 14 ತಿರುವು, ಮಳೆ, ಗಾಡಿಯಲ್ಲಿ ಏಳು ಜನ, ಡಿಕ್ಕಿ ತುಂಬ ಬ್ಯಾಗು. ಏರಿನಲ್ಲಿ ಗಾಡಿಯ ಭಾರ ಹಿಂದಕ್ಕೆ ಸರಿಯುತ್ತದೆ. ಹಿಂದಿನ ಚಕ್ರ ಓಡಿಸುವ ಗಾಡಿಗೆ ಇದು ಒಳ್ಳೆಯದು, ಓಡಿಸುವ ಚಕ್ರಗಳ ಮೇಲೆಯೇ ಭಾರ ಕೂತು ಅವು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತವೆ. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಅದೇ ಹೊತ್ತಿಗೆ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗುತ್ತದೆ. ತಿರುವಿನಲ್ಲಿ ನಿಲ್ಲಿಸಿ ಮತ್ತೆ ಎತ್ತುವಾಗ ಚಕ್ರ ಜಾರುವ ಸಾಧ್ಯತೆ ಹೆಚ್ಚು. ಈಗಿನ ಗಾಡಿಗಳಲ್ಲಿ ಚಕ್ರ ಜಾರದಂತೆ, ಏರಿನಲ್ಲಿ ಹಿಂದಕ್ಕೆ ಬರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆ, ಹಾಗಾಗಿ ಹೆದರುವಂಥದ್ದೇನೂ ಅಲ್ಲ. ಆದರೆ ದಿನವೂ ಭಾರ ಹೊತ್ತು ಘಾಟಿ ಹತ್ತುವವನು ಹಳೆಯ ಕ್ರಮವನ್ನು ನಂಬುವುದು ಹಠಕ್ಕಲ್ಲ, ಅದರ ಹಿಂದೆ ಭೌತಶಾಸ್ತ್ರ ಇದೆ.

ಇಂಡೋನೇಷ್ಯಾದಲ್ಲೂ ಇದೇ ಆಯಿತು. ಅಲ್ಲಿ ಹೈಕ್ರಾಸ್‌ನ ಹೆಸರು ಕಿಜಾಂಗ್ ಇನ್ನೋವಾ ಜೆನಿಕ್ಸ್. ಹೊಸದು ಬಂದ ಮೇಲೂ ಹಿಂದಿನ ಚಕ್ರದ ಹಳೆಯ ಡೀಸೆಲ್ ಮಾದರಿಯನ್ನು ಅಲ್ಲಿಯೂ ಮಾರಾಟದಲ್ಲಿ ಉಳಿಸಿಕೊಂಡರು.

ಡೀಸೆಲ್ಲೋ, ಹೈಬ್ರಿಡ್ಡೋ?

ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲ. ಸಾದಾ ಪೆಟ್ರೋಲ್ ಒಂದು, ಹೈಬ್ರಿಡ್ ಇನ್ನೊಂದು. ಡೀಸೆಲ್ ಮೇಲೆ ಕಂಪನಿಗಳಿಗೆ ಭಯ ಹುಟ್ಟಲು ಕಾರಣಗಳಿವೆ. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2000 ಸಿಸಿ ಮೀರಿದ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತ್ತು. ಇನ್ನೋವಾ ಅದರಲ್ಲಿ ಸಿಕ್ಕಿಬಿತ್ತು. 2016ರ ಆಗಸ್ಟ್‌ನಲ್ಲಿ ಶೇ. 1 ಹಸಿರು ಶುಲ್ಕದೊಂದಿಗೆ ತಡೆ ತೆರವಾಯಿತು. ಆಮೇಲೆ 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂತು, ಡೀಸೆಲ್ ಎಂಜಿನ್ ತಯಾರಿಸುವ ಖರ್ಚು ಹೆಚ್ಚಾಯಿತು.

ಹೈಬ್ರಿಡ್ ಎಂದರೆ ಚಾರ್ಜಿಗೆ ಹಾಕುವ ಕಾರಲ್ಲ. ಇದರಲ್ಲಿ 2 ಲೀಟರ್ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡೂ ಇರುತ್ತವೆ. ಬ್ರೇಕ್ ಹಾಕಿದಾಗ, ಇಳಿಜಾರಿನಲ್ಲಿ ಇಳಿಯುವಾಗ ವ್ಯರ್ಥವಾಗುವ ಶಕ್ತಿಯನ್ನು ಮೋಟಾರ್ ಹಿಡಿದು ಬ್ಯಾಟರಿಗೆ ಕೊಡುತ್ತದೆ. ನಿಧಾನ ಹೋಗುವಾಗ ಅದೇ ಶಕ್ತಿಯಿಂದ ಗಾಡಿ ಓಡುತ್ತದೆ, ಎಂಜಿನ್ ಆಫ್ ಆಗಿರುತ್ತದೆ. ಕಲ್ಸಂಕದಲ್ಲಿ, ಮಣಿಪಾಲದ ಟೈಗರ್ ಸರ್ಕಲ್‌ನಲ್ಲಿ ಸಂಜೆ ಐದು ಗಂಟೆಗೆ ಸಾಲಿನಲ್ಲಿ ನಿಂತಿರುವಾಗ ಡೀಸೆಲ್ ಗಾಡಿ ಎಣ್ಣೆ ಕುಡಿಯುತ್ತಲೇ ಇರುತ್ತದೆ, ಹೈಬ್ರಿಡ್ ಕುಡಿಯುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಈ ಲಾಭ ಕಡಿಮೆ, ಅಲ್ಲಿ ಹೆಚ್ಚಿನ ಹೊತ್ತು ಎಂಜಿನ್ನೇ ಕೆಲಸ ಮಾಡಬೇಕು. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 23.24 ಕಿ.ಮೀ. ಇದು ಪರೀಕ್ಷೆಯ ಅಂಕಿ. ಏಳು ಜನ, ಎಸಿ ಮತ್ತು ನಮ್ಮ ರಸ್ತೆ ಸೇರಿದರೆ ಅಷ್ಟು ನಿರೀಕ್ಷೆ ಮಾಡಬಾರದು.

ಸನ್‌ರೂಫ್ ಮತ್ತು ಮೂರನೇ ಸಾಲು

ಫೀಚರ್‌ಗಳ ಪಟ್ಟಿ ಬಂದಾಗ ಹೈಕ್ರಾಸ್ ಪಕ್ಷ ಗೆದ್ದ ಹಾಗೆ. ಅಗಲ ಸನ್‌ರೂಫ್, ಮೇಲಿನ ಮಾದರಿಯಲ್ಲಿ ಕಾಲು ಚಾಚಿ ಮಲಗುವಂಥ ಎರಡನೇ ಸಾಲಿನ ಸೀಟು, ಎದುರಿನ ಗಾಡಿ ಹತ್ತಿರವಾದರೆ ಎಚ್ಚರಿಸಿ ತಾನೇ ಬ್ರೇಕ್ ಹಾಕುವ ವ್ಯವಸ್ಥೆ. ಕ್ರಿಸ್ಟಾದಲ್ಲಿ ಇವು ಇಲ್ಲ.

ಆದರೆ ಒಂದೊಂದನ್ನೂ ಇಲ್ಲಿನ ಬದುಕಿನಲ್ಲಿಟ್ಟು ನೋಡಬೇಕು. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ. ಮಳೆ ಬಿಟ್ಟರೆ ಬಿಸಿಲು, ಬೆವರು. ಸನ್‌ರೂಫ್ ತೆರೆಯುವ ಹವೆ ಎಷ್ಟು ದಿನ ಸಿಗುತ್ತದೆ? ಮಕ್ಕಳು ತಲೆ ಹೊರಹಾಕಿ ನಿಲ್ಲುವುದು ಅಪಾಯ ಬೇರೆ. ಮಾಮೂಗೆ ಇನ್ನೊಂದು ಚಿಂತೆ: ಏರ್‌ಪೋರ್ಟ್ ಬಾಡಿಗೆಯಲ್ಲಿ ಏಳು ಜನ ಕೂತರೆ ಡಿಕ್ಕಿಯಲ್ಲಿ ಜಾಗ ಉಳಿಯುವುದಿಲ್ಲ, ಬ್ಯಾಗುಗಳು ಮೇಲಿನ ಕ್ಯಾರಿಯರ್‌ಗೆ ಹೋಗಬೇಕು. ಗಾಜಿನ ಮೇಲೆ ಕ್ಯಾರಿಯರ್ ಕಟ್ಟಲು ಅವರಿಗೆ ಮನಸ್ಸಿಲ್ಲ.

ಎರಡನೇ ಸಾಲಿನಲ್ಲಿ ಎರಡು ಬೇರೆ ಬೇರೆ ಸೀಟು ಬೇಕೋ, ಮೂವರು ಕೂರುವ ಉದ್ದ ಸೀಟು ಬೇಕೋ ಎಂಬುದು ಸನ್‌ರೂಫ್‌ಗಿಂತ ದೊಡ್ಡ ಪ್ರಶ್ನೆ. ಬೇರೆ ಸೀಟು ಇದ್ದರೆ ಆರಾಮ, ಮಧ್ಯದಿಂದ ಹಿಂದಕ್ಕೆ ಹೋಗಬಹುದು. ಉದ್ದ ಸೀಟು ಇದ್ದರೆ ಒಬ್ಬರು ಹೆಚ್ಚು ಕೂರಬಹುದು, ಆಸ್ಪತ್ರೆಯಿಂದ ಬರುವವರು ಮಲಗಬಹುದು. ಬಾಡಿಗೆಗೆ ಓಡಿಸುವವರು ಇದನ್ನು ಮೊದಲು ಕೇಳುತ್ತಾರೆ. ನಮ್ಮ ಬಿಡುವಿನ ಚರ್ಚೆಯಲ್ಲಿ ಇದು ಒಂದು ಸಲವೂ ಬಂದಿಲ್ಲ.

ಒಂದು ಭಾನುವಾರ ಮಾಮೂ, ನಾನಿ ಮತ್ತು ನಾನು ಎರಡೂ ಗಾಡಿ ನೋಡಲು ಹೋದೆವು. ನಾನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಶೋರೂಮಿನ ಹುಡುಗ ಸನ್‌ರೂಫ್ ತೆರೆದು ತೋರಿಸಿದ, ದೊಡ್ಡ ಸ್ಕ್ರೀನ್ ತೋರಿಸಿದ. ನಾನಿ ಅದೊಂದನ್ನೂ ನೋಡಲಿಲ್ಲ. ಕ್ರಿಸ್ಟಾಗೆ ಹತ್ತುವಾಗ ಬಾಗಿಲ ಮೇಲಿನ ಹಿಡಿಕೆ ಹಿಡಿದು, ಮಾಮೂ ಭುಜ ಹಿಡಿದು ಹತ್ತಿದರು. ಹೈಕ್ರಾಸ್‌ಗೆ ಮಾಮೂ ಭುಜ ಬೇಕಾಗಲಿಲ್ಲ. ಒಳಗೆ ಕೂತು "ಇದರಲ್ಲಿ ನೆಲ ಕೆಳಗೆ ಇದೆ" ಎಂದರು. ನಾನು ಅಳತೆ ಓದಿ ತಿಳಿದದ್ದನ್ನು ಅವರು ಒಂದೇ ಸಲಕ್ಕೆ ಹೇಳಿಬಿಟ್ಟರು.

ಆಮೇಲೆ ನಾನು ಎರಡರಲ್ಲೂ ಮೂರನೇ ಸಾಲಿಗೆ ಹೋಗಿ ಕೂತೆ. ಮನೆಯಲ್ಲಿ ನನ್ನ ಜಾಗ ಯಾವಾಗಲೂ ಅದೇ. ಕ್ರಿಸ್ಟಾದಲ್ಲಿ ಮಂಡಿ ಎತ್ತರಕ್ಕೆ ಬಂತು, ಹೈಕ್ರಾಸ್‌ನಲ್ಲಿ ತೊಡೆಗೆ ಸ್ವಲ್ಪ ಆಸರೆ ಸಿಕ್ಕಿತು. ಕಾರ್ಕಳದಿಂದ ಬೆಂಗಳೂರಿನವರೆಗೆ ಕೂರಬೇಕಾದರೆ ಈ ಸ್ವಲ್ಪವೇ ದೊಡ್ಡದು.

ಲೆಕ್ಕದ ಪುಸ್ತಕ

ಈಗ ಮಾಮೂ ಕೇಳಿದ ಪ್ರಶ್ನೆ. ಮಾರುಕಟ್ಟೆಗೆ ಬಂದಾಗ ಘೋಷಿಸಿದ ಶೋರೂಮ್ ಬೆಲೆ ಹೀಗಿತ್ತು: ಹೈಕ್ರಾಸ್ ಸಾದಾ ಪೆಟ್ರೋಲ್ 18.30 ಲಕ್ಷದಿಂದ, ಹೈಬ್ರಿಡ್ 24.01 ಲಕ್ಷದಿಂದ, ಮರಳಿ ಬಂದ ಡೀಸೆಲ್ ಕ್ರಿಸ್ಟಾ 19.13 ಲಕ್ಷದಿಂದ. ಬೆಲೆಗಳು ಆಮೇಲೆ ಏರಿಳಿದಿವೆ. ಡೀಸೆಲ್‌ಗೂ ಹೈಬ್ರಿಡ್‌ಗೂ ಸುಮಾರು 5 ಲಕ್ಷದ ವ್ಯತ್ಯಾಸ ಎಂದು ಇಟ್ಟುಕೊಳ್ಳೋಣ.

ಡೀಸೆಲ್ ಲೀಟರಿಗೆ 90 ರೂಪಾಯಿ, ಪೆಟ್ರೋಲ್ 102 ರೂಪಾಯಿ ಎಂದು ಹಿಡಿಯೋಣ. ರಸ್ತೆಯಲ್ಲಿ ಕ್ರಿಸ್ಟಾ ಲೀಟರಿಗೆ 12 ಕಿ.ಮೀ., ಹೈಬ್ರಿಡ್ 17 ಕಿ.ಮೀ. ಕೊಡುತ್ತದೆ ಎಂದುಕೊಳ್ಳೋಣ. ತಿಂಗಳಿಗೆ 2000 ಕಿ.ಮೀ. ಓಡಿದರೆ ಕ್ರಿಸ್ಟಾಗೆ 15,000 ರೂಪಾಯಿ, ಹೈಬ್ರಿಡ್‌ಗೆ 12,000 ರೂಪಾಯಿ. ಉಳಿತಾಯ ತಿಂಗಳಿಗೆ 3,000. ಹೆಚ್ಚು ಕೊಟ್ಟ 5 ಲಕ್ಷ ವಾಪಸ್ ಬರಲು ಸುಮಾರು 14 ವರ್ಷ ಬೇಕು. ಅದೇ ತಿಂಗಳಿಗೆ 5000 ಕಿ.ಮೀ. ಓಡಿದರೆ ಉಳಿತಾಯ 7,500, ಐದೂವರೆ ವರ್ಷದಲ್ಲಿ ಹಣ ವಾಪಸ್. ಅಂದರೆ ವಾರಕ್ಕೊಮ್ಮೆ ಕಾರು ತೆಗೆಯುವ ಮನೆಗೆ ಹೈಬ್ರಿಡ್ ಉಳಿತಾಯದ ಗಾಡಿ ಅಲ್ಲ, ಅದು ಆರಾಮಕ್ಕೆ ಕೊಡುವ ಬೆಲೆ. ದಿನವೂ ಓಡುವವನಿಗೆ ಮಾತ್ರ ಲೆಕ್ಕ ಕೂಡಿಬರುತ್ತದೆ.

ಬಿಳಿ ಬೋರ್ಡಿನ ಕಾರು ಕೊಳ್ಳುವವರು ಇನ್ನೊಂದನ್ನು ಸೇರಿಸಬೇಕು. ಕರ್ನಾಟಕದಲ್ಲಿ 10ರಿಂದ 20 ಲಕ್ಷದೊಳಗಿನ ಕಾರಿಗೆ ಆಜೀವ ರಸ್ತೆ ತೆರಿಗೆ ಶೇ. 17, ಅದು ಮೀರಿದರೆ ಶೇ. 18, ಅದರ ಮೇಲೆ ಸೆಸ್. 19 ಲಕ್ಷದ ಗಾಡಿಗೆ 3.23 ಲಕ್ಷ, 24 ಲಕ್ಷದ ಗಾಡಿಗೆ 4.32 ಲಕ್ಷ. ಹಳದಿ ಬೋರ್ಡಿನ ಲೆಕ್ಕ ಬೇರೆ.

ಸಾಲದ ಮಾತು ಬಂದಾಗ ನಮ್ಮ ಅಕೌಂಟೆನ್ಸಿ ಪಾಠ ಕೆಲಸಕ್ಕೆ ಬಂತು. 15 ಲಕ್ಷ ಸಾಲ, 5 ವರ್ಷ, ಶೇ. 10 ಎಂದರೆ ಕಂತು ಎಷ್ಟು? ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ತಿಂಗಳಿಗೆ ಸುಮಾರು 31,870 ರೂಪಾಯಿ. ಕೊನೆಯವರೆಗೂ ಪೂರ್ತಿ 15 ಲಕ್ಷದ ಮೇಲೆಯೇ ಬಡ್ಡಿ ಹಾಕುವ ಫ್ಲಾಟ್ ಲೆಕ್ಕವಾದರೆ 37,500 ರೂಪಾಯಿ. ಎರಡಕ್ಕೂ ಕಾಗದದ ಮೇಲೆ ಶೇ. 10 ಎಂದೇ ಬರೆದಿರುತ್ತದೆ! ಐದು ವರ್ಷದಲ್ಲಿ ವ್ಯತ್ಯಾಸ 3.3 ಲಕ್ಷಕ್ಕಿಂತ ಹೆಚ್ಚು. ಮನೆಯಲ್ಲಿ ಯಾರಾದರೂ ಗಾಡಿ ಸಾಲ ತೆಗೆದುಕೊಳ್ಳುತ್ತಿದ್ದರೆ ಸಹಿ ಹಾಕುವ ಮೊದಲು ಇದೊಂದನ್ನು ಕೇಳಲು ಹೇಳಿ.

ನಾನು ಈ ಎಲ್ಲ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಮಾಮೂಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಒಂದು ಸಾಲು ಬಿಟ್ಟಿದ್ದೀಯ. ಬಾಡಿಗೆ ಇಲ್ಲದ ತಿಂಗಳು." 2020ರ ಲಾಕ್‌ಡೌನ್‌ನಲ್ಲಿ ಅವರ ಗಾಡಿ ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತಿತ್ತು. ಕಂತು ಮುಂದಕ್ಕೆ ಹಾಕಿದರೂ ಅದರ ಬಡ್ಡಿ ನಿಲ್ಲಲಿಲ್ಲ. ಆಗ ಅಮ್ಮಿಯ ಬಳೆ ಅಡವಿಟ್ಟು ಎರಡು ಕಂತು ಕಟ್ಟಿದ್ದು ನನಗೆ ಆ ದಿನವೇ ಗೊತ್ತಾದದ್ದು. ಜೂನ್‌ನಿಂದ ಆಗಸ್ಟ್‌ವರೆಗೆ ಮದುವೆ ಕಡಿಮೆ, ಪ್ರವಾಸಿಗರು ಕಡಿಮೆ. ಕಂತು ಮಾತ್ರ ಮಳೆಗಾಲ ನೋಡುವುದಿಲ್ಲ.

ಕೊನೆಗೆ

ಹಾಗಾದರೆ ಯಾವ ಪಕ್ಷ ಸರಿ? ನನಗೆ ಅನ್ನಿಸುವುದು ಹೀಗೆ: ಇಬ್ಬರೂ ಗಾಡಿಯನ್ನು ಹೊರಗೆ ನಿಂತು ನೋಡುತ್ತಿದ್ದೇವೆ. ಇಂಥ ಗಾಡಿಯನ್ನು ಒಳಗೆ ಕೂರುವವರ ಪರವಾಗಿ ನೋಡಬೇಕು. ಯಾರು ಹತ್ತುತ್ತಾರೆ, ಮೂರನೇ ಸಾಲಿನಲ್ಲಿ ಯಾರು, ತಿಂಗಳಿಗೆ ಎಷ್ಟು ಓಡುತ್ತದೆ, ಘಾಟಿ ಎಷ್ಟು ಸಲ, ಕಂತು ಕಟ್ಟುವವರು ಯಾರು? ಇವಕ್ಕೆ ಉತ್ತರ ಸಿಕ್ಕಿದ ಮೇಲೆ ಗ್ರಿಲ್ಲು ಚೆನ್ನಾಗಿದೆಯೋ ಇಲ್ಲವೋ ಎಂದು ಬೇಕಾದಷ್ಟು ಜಗಳ ಮಾಡಬಹುದು. ನಾನಿಯ ದೃಷ್ಟಿಯಲ್ಲಿ ಹೈಕ್ರಾಸ್ ಗೆದ್ದಿತು. ಘಾಟಿ ಮತ್ತು ಕ್ಯಾರಿಯರ್ ದೃಷ್ಟಿಯಲ್ಲಿ ಕ್ರಿಸ್ಟಾ. ಇಬ್ಬರೂ ತಪ್ಪಲ್ಲ.

ಮಾಮೂ ಎರಡನ್ನೂ ಬುಕ್ ಮಾಡಲಿಲ್ಲ. ಹಳೆಯ ಗಾಡಿಗೆ ಹೊಸ ಕ್ಲಚ್ ಪ್ಲೇಟ್ ಹಾಕಿಸಿದ್ದಾರೆ, ಇಂಜೆಕ್ಟರ್ ರಿಪೇರಿ ಮಾಡಿಸಿದ್ದಾರೆ. ಈ ಒಂದು ಮದುವೆ ಸೀಸನ್ ಓಡಿಸಿ, ಕೈಯಲ್ಲಿ ಸ್ವಲ್ಪ ಹಣ ಮಾಡಿಕೊಂಡು, ಆಮೇಲೆ ಸೆಕೆಂಡ್ ಹ್ಯಾಂಡ್ ಕ್ರಿಸ್ಟಾ ನೋಡುವ ಯೋಚನೆ. ಅಷ್ಟು ಕಡಿಮೆ ಸಾಲ ಸಾಕು. ನಾನಿಗೆ ಹತ್ತಲು ಪಕ್ಕದಲ್ಲಿ ಒಂದು ಅಗಲದ ಮೆಟ್ಟಿಲು ಹಾಕಿಸುತ್ತಾರಂತೆ.

ನನ್ನ ಹಾಳೆಯನ್ನು ಅವರು ಗಾಡಿಯ ಆರ್‌ಸಿ, ಇನ್ಶೂರೆನ್ಸ್ ಇಡುವ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಬಾಡಿಗೆ ಇಲ್ಲದ ತಿಂಗಳಿನ ಸಾಲನ್ನು ನಾನು ಆಮೇಲೆ ಸೇರಿಸಿದೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ